ಹಿತ್ತಲ ನುಗ್ಗೆ: ಕಾಯಿ ಸಂತೆಗೆ, ಸೊಪ್ಪು ಮನೆಮಂದಿಗೆ

ಚಳ್ಳಕೆರೆಯಿಂದ ಬಳ್ಳಾರಿ ದಿಕ್ಕಿಗೆ ಹೊರಟು ತಳಕು ದಾಟಿದರೆ ಬಿ.ಜಿ. ಕೆರೆ ಸಿಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ಈ ಊರಿನ ಆಚೀಚೆ ಮುಂಗಾರಿನಲ್ಲಿ ಎತ್ತ ನೋಡಿದರೂ ಶೇಂಗಾ ಹೊಲ. ಚಳ್ಳಕೆರೆಯನ್ನು ಎಣ್ಣೆಯ ಪೇಟೆಯೆಂದು ಹೆಸರುವಾಸಿ ಮಾಡಿದ್ದೂ ಇದೇ ಬೆಳೆ. ಆದರೆ ಈ ಎರಡು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ರಾಜ್ಯದಲ್ಲಿಯೇ ಅತಿ ಕಡಮೆ ಮಳೆ ಬೀಳುವ ಭಾಗಗಳಲ್ಲಿ ಇದೂ ಒಂದು. ಮಳೆ ಕೈಕೊಟ್ಟ ವರ್ಷ ಶೇಂಗಾ ಒಣಗುವುದು ಮಾತ್ರವಲ್ಲ, ಹೊಲದ ಬದುವಿನ ಅಣ್ಣೆಸೊಪ್ಪು, ಗೋಣಿಸೊಪ್ಪು, ಕಿರಕಸಾಲೆ ಸೊಪ್ಪು ಕೂಡ ಮೇಲೇಳುವುದಿಲ್ಲ. ಆಗ ಮನೆಯ ಅಡುಗೆಯಲ್ಲಿ ಹಸಿರೆಂಬುದೇ ಕಾಣೆಯಾಗುತ್ತದೆ. ಮುದ್ದೆ, ತಿಳಿಸಾರು, ಅನ್ನ, ಹುಳಿ ಇವುಗಳಿಂದ ಹೊಟ್ಟೆಯೇನೋ ತುಂಬುತ್ತದೆ. ಮೈಗೆ ಬೇಕಾದುದೆಲ್ಲ ಸಿಗುವುದಿಲ್ಲ.

ಇಂಥ ಊರುಗಳಲ್ಲಿಯೂ ಬಚ್ಚಲ ನೀರು ಹರಿಯುವ ಕಡೆ ಒಂದು ಗಿಡ ಹಸಿರಾಗಿಯೇ ನಿಂತಿರುತ್ತದೆ. ಅದು ನುಗ್ಗೆ. ನಿಮ್ಮ ಊರಿನಲ್ಲಿ ಎಷ್ಟು ಹಿತ್ತಲುಗಳಲ್ಲಿ ನುಗ್ಗೆಯಿದೆ, ಎಷ್ಟು ಮನೆಗಳಲ್ಲಿ ಅದರ ಸೊಪ್ಪು ವಾರಕ್ಕೊಮ್ಮೆಯಾದರೂ ಒಲೆಯ ಮೇಲೇರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಕಾಯಿಯನ್ನು ಕಿತ್ತು ಸಂತೆಗೆ ಒಯ್ಯುತ್ತೇವೆ, ಒಂದೆರಡನ್ನು ಸಾರಿಗೆ ಹಾಕುತ್ತೇವೆ. ಸೊಪ್ಪನ್ನು ಮೇಕೆಗೆ ಎಳೆದು ಹಾಕುತ್ತೇವೆ. ಮೇಕೆಯ ಪಾಲಿಗೆ ಹೋಗುವ ಆ ಸೊಪ್ಪಿನಲ್ಲಿ ಒಂದಷ್ಟನ್ನು ಮನೆಯ ಹೆಂಗಸರು ಮಕ್ಕಳ ತಟ್ಟೆಗೆ ತರುವುದು ಹೇಗೆ ಎಂಬುದೇ ಈ ವಾರದ ವಿಷಯ.

ರಕ್ತಹೀನತೆಯ ಲೆಕ್ಕ

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇಕಡ 65.5. ಅಂದರೆ ಅಂಗನವಾಡಿಯ ಅಂಗಳದಲ್ಲಿ ಆಡುವ ಮೂರು ಮಕ್ಕಳಲ್ಲಿ ಇಬ್ಬರ ರಕ್ತ ತೆಳುವಾಗಿದೆ ಎಂದಾಯಿತು. ಬೇಗ ಸುಸ್ತಾಗುವುದು, ಏದುಸಿರು, ಪಾಠ ತಲೆಗೆ ಹತ್ತದಿರುವುದು, ಹೆರಿಗೆಯಲ್ಲಿ ಜೀವಕ್ಕೆ ಅಪಾಯ ಇವೆಲ್ಲ ಇದರ ಫಲ. ಶೇಂಗಾ ಕೀಳುವ ಕಾಲದಲ್ಲಿ ಹೆಂಗಸರು ದಿನವಿಡೀ ಬಗ್ಗಿ ದುಡಿಯುತ್ತಾರೆ. ಊಟಕ್ಕೆ ಕೂರುವುದು ಮಾತ್ರ ಎಲ್ಲರಿಗಿಂತ ಕಡೆಗೆ, ಮಿಕ್ಕಿದ್ದನ್ನು ಉಂಡು. ನಷ್ಟ ಎಲ್ಲಿ ಆಗುತ್ತಿದೆಯೆಂದು ತಿಳಿಯಲು ಇದಕ್ಕಿಂತ ಬೇರೆ ಲೆಕ್ಕ ಬೇಡ.

ನುಗ್ಗೆಸೊಪ್ಪು ಏನು ಕೊಡುತ್ತದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಸುಮಾರು 6.4 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, 314 ಮಿಲಿಗ್ರಾಂ ಸುಣ್ಣಾಂಶ, 4.6 ಮಿಲಿಗ್ರಾಂ ಕಬ್ಬಿಣಾಂಶ, 108 ಮಿಲಿಗ್ರಾಂ ಸಿ ಜೀವಸತ್ವ ಇವೆ. ಮೈಯೊಳಗೆ ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟೀನು 17 ಮಿಲಿಗ್ರಾಂಗೂ ಹೆಚ್ಚು. ಮಕ್ಕಳಿಗೆ ಇರುಳುಗಣ್ಣು ಬಾರದಂತೆ ಕಾಯುವುದು ಈ ಎ ಜೀವಸತ್ವವೇ.

ಪೇಟೆಯಲ್ಲಿ ಓದುವ, ದುಡಿಯುವ ಮಕ್ಕಳು ರಜೆಗೆ ಊರಿಗೆ ಬಂದಾಗ ಬ್ರೊಕೊಲಿ ಎಂಬ ಹಸಿರು ಹೂಕೋಸಿನ ಸುದ್ದಿ ತೆಗೆಯುವುದುಂಟು. ಒಳ್ಳೆಯ ತರಕಾರಿಯೇ, ಅನುಮಾನವಿಲ್ಲ. ಆದರೆ ಅದು ತಂಪು ಹವೆಯ ಬೆಳೆ. ನಮ್ಮ ಬಿಸಿಲಿಗೆ ಅದರ ಗೆಡ್ಡೆ ಬಿಗಿಯಾಗಿ ಕಟ್ಟುವ ಮೊದಲೇ ಮೊಗ್ಗು ಬಿರಿದು ಹಳದಿ ಹೂವಾಗಿಬಿಡುತ್ತದೆ. 100 ಗ್ರಾಂ ಬ್ರೊಕೊಲಿಯಲ್ಲಿ ಸಿ ಜೀವಸತ್ವ ಸುಮಾರು 90 ಮಿಲಿಗ್ರಾಂ, ಸಸಾರಜನಕ 3 ಗ್ರಾಂಗಿಂತ ಕಡಮೆ, ಸುಣ್ಣಾಂಶ ಸುಮಾರು 47 ಮಿಲಿಗ್ರಾಂ, ಕಬ್ಬಿಣಾಂಶ 1 ಮಿಲಿಗ್ರಾಂಗೂ ಕಡಮೆ. ಹಿತ್ತಲಲ್ಲಿ ನಿಂತ ನುಗ್ಗೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದು ವಿಶೇಷವೆಂದರೆ, ಸಸ್ಯಶಾಸ್ತ್ರದಲ್ಲಿ ನುಗ್ಗೆಯೂ ಕೋಸಿನ ಬಳಗವೂ ಒಂದೇ ಗಣಕ್ಕೆ ಸೇರಿದ ದೂರದ ನೆಂಟರು. ಎರಡರಲ್ಲಿಯೂ ಸಾಸಿವೆಯಲ್ಲಿರುವಂಥ ಖಾರದ ಅಂಶವಿದೆ. ನುಗ್ಗೆ ಚಿಗುರನ್ನು ಹಸಿಯಾಗಿ ಅಗಿದರೆ ನಾಲಿಗೆಗೆ ಚುರುಕು ಮುಟ್ಟುವುದು ಅದರಿಂದಲೇ. ಹೀಗಾಗಿ ಎರಡನ್ನೂ ಬೇಯಿಸುವ ನಿಯಮ ಒಂದೇ: ಕಡಮೆ ನೀರು, ಕಡಮೆ ಹೊತ್ತು.

ಆದರೂ ನುಗ್ಗೆಸೊಪ್ಪನ್ನು ಮಂತ್ರದ ಔಷಧಿಯೆಂದು ತಿಳಿಯಬೇಡಿ. ಹಾಲಿನ ಹದಿನೇಳು ಪಟ್ಟು ಸುಣ್ಣಾಂಶ, ಪಾಲಕ್ಕಿನ ಇಪ್ಪತ್ತೈದು ಪಟ್ಟು ಕಬ್ಬಿಣ ಎಂದೆಲ್ಲ ಹೇಳಿ ಪುಡಿ ಮಾರುವವರು ಒಣಗಿದ ಪುಡಿಯನ್ನು ಹಸಿ ಪದಾರ್ಥದೊಡನೆ ತೂಗುತ್ತಾರೆ. ಅದು ಸರಿಯಾದ ತೂಕವಲ್ಲ. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು 2020ರ ಭಾರತೀಯ ಶಿಫಾರಸು ಹೇಳುತ್ತದೆ. 100 ಗ್ರಾಂ ನುಗ್ಗೆಸೊಪ್ಪು ಅದರ ಆರನೆಯ ಒಂದು ಪಾಲನ್ನಷ್ಟೇ ಒದಗಿಸುತ್ತದೆ. ಉಳಿದುದು ರಾಗಿ, ನವಣೆ, ಹುರುಳಿ, ಅಲಸಂದೆ, ಬೇರೆ ಸೊಪ್ಪು, ಮಾಂಸ ಇವುಗಳಿಂದ ಬರಬೇಕು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗೆ ಸೊಪ್ಪು ಬದಲಿಯಲ್ಲ. ಗರ್ಭಿಣಿಯರು ಮಾತ್ರೆಯನ್ನು ತಪ್ಪಿಸದೆ ನುಂಗಬೇಕು, ಸೊಪ್ಪನ್ನು ಅದರ ಜೊತೆಗೆ ಉಣ್ಣಬೇಕು.

ಬೇಯಿಸುವ ಮುನ್ನ ಗಮನದಲ್ಲಿಡಿ

ನುಗ್ಗೆಸೊಪ್ಪು ಕಹಿ, ನಾರು, ಮಕ್ಕಳು ಮುಟ್ಟುವುದಿಲ್ಲ ಎಂಬ ದೂರು ಸಾಮಾನ್ಯ. ಬಹುಮಟ್ಟಿಗೆ ಇದು ಸೊಪ್ಪಿನ ದೋಷವಲ್ಲ, ಆರಿಸುವ ಮತ್ತು ಬೇಯಿಸುವ ರೀತಿಯ ದೋಷ. ಈ ಕೆಲವು ಸಂಗತಿಗಳನ್ನು ಪಾಲಿಸಿದರೆ ಸಾಕು.

1. ಎಳೆಯ ಮತ್ತು ನಡುಹರೆಯದ ಎಲೆಗಳನ್ನೇ ಆರಿಸಿ. ಬಲಿತು ಹಳದಿಗೆ ತಿರುಗಿದ ಎಲೆ ಮೇಕೆಗಿರಲಿ. ಎಲೆಯ ಸಣ್ಣ ದಂಟುಗಳನ್ನು ಪೂರಾ ತೆಗೆಯಿರಿ. ಬಾಯಿಗೆ ನಾರಾಗಿ ಸಿಗುವುದು ಆ ದಂಟೇ.

2. ಸೊಪ್ಪನ್ನು ಕಡ್ಡಿಯಲ್ಲಿರುವಾಗಲೇ ಎರಡು ಮೂರು ನೀರಿನಲ್ಲಿ ಅಲುಬಿ ತೊಳೆಯಿರಿ, ಆಮೇಲೆ ಬಿಡಿಸಿ. ಬಿಡಿಸಿ ಹೆಚ್ಚಿದ ಸೊಪ್ಪನ್ನು ನೀರಿನಲ್ಲಿ ನೆನೆಹಾಕಿದರೆ ಸಿ ಜೀವಸತ್ವ ನೀರು ಪಾಲಾಗುತ್ತದೆ.

3. ಬೇಯಿಸಿದ ನೀರನ್ನು ಚೆಲ್ಲಬೇಡಿ. ಕಹಿ ಹೋಗಲೆಂದು ಕುದಿಸಿ ಬಸಿದು ಚೆಲ್ಲುವ ಅಭ್ಯಾಸವಿದ್ದರೆ ಇಂದೇ ಬಿಡಿ. ಬಸಿದ ನೀರು ಸಾರಿಗೆ ಸೇರಲಿ.

4. ಹಸಿರು ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕಬೇಡಿ. ಬಣ್ಣ ಉಳಿಯುತ್ತದೆ, ಜೀವಸತ್ವ ನಾಶವಾಗುತ್ತದೆ.

5. ಎಳೆ ಸೊಪ್ಪಿಗೆ ಐದರಿಂದ ಎಂಟು ನಿಮಿಷದ ಉರಿ ಸಾಕು. ಬೇಳೆಯೊಡನೆ ಮೊದಲೇ ಹಾಕಿ ಅರ್ಧ ಗಂಟೆ ಕುದಿಸುವುದು ಬೇಡ. ಬೇಳೆ ಬೆಂದ ಮೇಲೆ ಸೊಪ್ಪು ಹಾಕಿ.

6. ಹುಣಸೆಹುಳಿಯನ್ನು ಸೊಪ್ಪು ಮೆತ್ತಗಾದ ನಂತರವೇ ಹಾಕಿ. ಮೊದಲೇ ಹಾಕಿದರೆ ಸೊಪ್ಪು ಬೇಗ ಬೇಯುವುದಿಲ್ಲ, ಕಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪೂ ಹಾಗೆಯೇ. ಬುಟ್ಟಿ ತುಂಬ ಕಂಡ ಸೊಪ್ಪು ಬೆಂದರೆ ಹಿಡಿಯಷ್ಟಾಗುತ್ತದೆ. ಮೊದಲೇ ಅಂದಾಜಿನ ಮೇಲೆ ಹಾಕಿದರೆ ಉಪ್ಪಾಗುತ್ತದೆ.

7. ಎಣ್ಣೆಯಿಲ್ಲದೆ ಬೇಯಿಸಬೇಡಿ. ಕ್ಯಾರೊಟೀನು ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಶೇಂಗಾ ಬೆಳೆಯುವ ಸೀಮೆಯಲ್ಲಿ ಇದಕ್ಕೆ ಹುಡುಕಾಡಬೇಕಾಗಿಲ್ಲ. ಒಂದು ಚಮಚ ಎಣ್ಣೆ, ಒಂದು ಹಿಡಿ ಹುರಿದ ಶೇಂಗಾಪುಡಿ ಹಾಕಿದರೆ ಕಹಿಯೂ ಅಡಗುತ್ತದೆ, ಸಸಾರಜನಕವೂ ಸೇರುತ್ತದೆ.

8. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪು ಮತ್ತು ರಾಗಿಯಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹತ್ತುತ್ತದೆ. ಊಟವಾದ ಕೂಡಲೇ ಚಹ, ಕಾಫಿ ಕುಡಿಯುವುದು ಇದಕ್ಕೆ ವಿರುದ್ಧ. ಕನಿಷ್ಠ ಒಂದು ಗಂಟೆ ತಡೆದು ಕುಡಿಯಿರಿ.

ಪಲ್ಯ

ನಾಲ್ಕು ಜನಕ್ಕೆ ಬೇಕಾಗುವ ಪದಾರ್ಥಗಳು: ಬಿಡಿಸಿದ ಸೊಪ್ಪು 200 ಗ್ರಾಂ, ಹುರಿದು ತರಿಯಾಗಿ ಕುಟ್ಟಿದ ಶೇಂಗಾಪುಡಿ ನಾಲ್ಕು ದೊಡ್ಡ ಚಮಚ, ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಆರು ಎಸಳು, ಒಣಮೆಣಸಿನಕಾಯಿ ಮೂರು, ಸಾಸಿವೆ, ಜೀರಿಗೆ, ಎಣ್ಣೆ ಒಂದು ದೊಡ್ಡ ಚಮಚ, ಉಪ್ಪು, ಅರ್ಧ ನಿಂಬೆಹಣ್ಣು.

ಕಬ್ಬಿಣದ ಬಾಣಲೆಯಿದ್ದರೆ ಅದನ್ನೇ ಒಲೆಯ ಮೇಲಿಡಿ. ಅದರಿಂದ ಅಡುಗೆಗೆ ಅಷ್ಟಿಷ್ಟು ಕಬ್ಬಿಣ ಸೇರುತ್ತದೆ. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಮೆಣಸಿನಕಾಯಿ ಹಾಕಿ. ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಬಾಡಿಸಿ. ಸೊಪ್ಪು ಹಾಕಿ ಎರಡು ನಿಮಿಷ ತೆರೆದೇ ಕೈಯಾಡಿಸಿ, ಕಾಲು ಲೋಟ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ. ನೀರು ಇಂಗಿದ ಮೇಲೆ ಉಪ್ಪು, ಶೇಂಗಾಪುಡಿ ಬೆರೆಸಿ ಇಳಿಸಿ, ನಿಂಬೆರಸ ಹಿಂಡಿ. ಜೋಳದ ರೊಟ್ಟಿಗೆ ಇದು ಹೇಳಿ ಮಾಡಿಸಿದ ಜೊತೆ. ಮೊಟ್ಟೆ ತಿನ್ನುವವರು ಶೇಂಗಾಪುಡಿಯ ಬದಲು ಮೂರು ಮೊಟ್ಟೆ ಒಡೆದು ಹಾಕಿ, ಗಟ್ಟಿಯಾಗುವವರೆಗೆ ಕೆದಕಿ ಇಳಿಸಬಹುದು. ಸೊಪ್ಪೆಂದರೆ ಮೂಗು ಮುರಿಯುವ ಮಕ್ಕಳು ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಬಸ್ಸಾರು

ಸೊಪ್ಪಿನ ಸತ್ವ ಒಂದು ಹನಿಯೂ ಹಾಳಾಗದ ಅಡುಗೆಯೆಂದರೆ ಬಸ್ಸಾರು. ನಮ್ಮ ಹಿಂದಿನವರು ಪೋಷಕಾಂಶದ ಪುಸ್ತಕ ಓದದೆಯೇ ಇದನ್ನು ಕಂಡುಕೊಂಡಿದ್ದರು.

ಮೊಳಕೆ ಕಟ್ಟಿದ ಹುರುಳಿ ಅಥವಾ ಅಲಸಂದೆ ಒಂದೂವರೆ ಬಟ್ಟಲು, ಬಿಡಿಸಿದ ಸೊಪ್ಪು ನಾಲ್ಕು ಬಟ್ಟಲು ಇರಲಿ. ಮೊಳಕೆ ಕಟ್ಟುವುದರಿಂದ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಅಂಶ ಕಡಮೆಯಾಗುತ್ತದೆ. ಕಾಳನ್ನು ಆರು ಬಟ್ಟಲು ನೀರಿನಲ್ಲಿ ಬೇಯಿಸಿ. ಮುಕ್ಕಾಲು ಪಾಲು ಬೆಂದಾಗ ಸೊಪ್ಪು ಹಾಕಿ ಐದಾರು ನಿಮಿಷ ಕುದಿಸಿ, ಬಸಿದು ಕಟ್ಟನ್ನು ಬೇರೆ ತೆಗೆದಿಡಿ.

ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಐದಾರು ಒಣಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಇವನ್ನು ಹುರಿದು, ಒಂದು ಹಿಡಿ ಬೆಂದ ಕಾಳುಸೊಪ್ಪು ಸೇರಿಸಿ ನುಣ್ಣಗೆ ಅರೆಯಿರಿ. ಕಟ್ಟಿಗೆ ಈ ಮಸಾಲೆ, ಉಪ್ಪು, ಅಡಿಕೆ ಗಾತ್ರದ ಹುಣಸೆಹಣ್ಣಿನ ರಸ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಮುದ್ದೆಗೆ ಸಾರು ಸಿದ್ಧ. ಉಳಿದ ಕಾಳುಸೊಪ್ಪಿಗೆ ಈರುಳ್ಳಿಯ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಒಲೆಯಲ್ಲಿ ಎರಡು ಅಡುಗೆ. ಸೌದೆಯೂ ಉಳಿಯಿತು, ಸತ್ವವೂ ಉಳಿಯಿತು.

ಮಸ್ಸೊಪ್ಪು

ಒಂದು ಬಟ್ಟಲು ತೊಗರಿಬೇಳೆಯನ್ನು ಅರಿಸಿನ, ಒಂದು ತೊಟ್ಟು ಎಣ್ಣೆ ಹಾಕಿ ಮೆತ್ತಗೆ ಬೇಯಿಸಿ. ಮೂರು ಬಟ್ಟಲು ನುಗ್ಗೆಸೊಪ್ಪು, ಎರಡು ಹೆಚ್ಚಿದ ಟೊಮೇಟೊ, ನಾಲ್ಕು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಏಳೆಂಟು ನಿಮಿಷ ಬೇಯಿಸಿ, ಕಡೆಗೋಲಿನಿಂದ ಚೆನ್ನಾಗಿ ಮಸೆಯಿರಿ. ಉಪ್ಪು, ಸ್ವಲ್ಪ ಹುಣಸೆರಸ ಹಾಕಿ ಒಂದು ಕುದಿ ಬಂದ ಮೇಲೆ ಇಂಗು, ಸಾಸಿವೆಯ ಒಗ್ಗರಣೆ ಕೊಡಿ. ಹಲ್ಲಿಲ್ಲದ ಮುದುಕರಿಗೆ, ಎಳೆಯ ಮಕ್ಕಳಿಗೆ ಸೊಪ್ಪು ಉಣಿಸಲು ಇದೇ ಸುಲಭದ ದಾರಿ. ಆರು ತಿಂಗಳು ತುಂಬಿ ಮೇಲಾಹಾರ ಶುರುಮಾಡಿದ ಕೂಸಿಗೆ ಮೆಣಸಿನಕಾಯಿ ಹಾಕದೆ ತೆಗೆದಿಟ್ಟ ಬೇಳೆಸೊಪ್ಪನ್ನು ನುಣ್ಣಗೆ ಕಿವುಚಿ, ಮೆತ್ತನೆಯ ಅನ್ನದೊಡನೆ ಒಂದು ಹನಿ ತುಪ್ಪ ಸೇರಿಸಿ ಕೊಡಬಹುದು. ಮೊದಲು ಒಂದೆರಡು ಚಮಚದಿಂದ ಆರಂಭಿಸಿ, ಒಗ್ಗಿದ ಮೇಲೆ ಹೆಚ್ಚಿಸಿ.

ಬಿ.ಜಿ. ಕೆರೆಯಿಂದ ಆಂಧ್ರದ ಗಡಿ ದೂರವಿಲ್ಲ. ತೆಲುಗು ಮನೆಗಳಲ್ಲಿ ನುಗ್ಗೆಸೊಪ್ಪಿಗೆ ಮುನಗಾಕು ಎಂದು ಹೆಸರು. ಆಷಾಢದಲ್ಲಿ ಮುನಗಾಕು ತಿನ್ನಲೇಬೇಕೆಂಬ ವಾಡಿಕೆ ಅವರಲ್ಲಿದೆ. ಮುಂಗಾರಿನ ಮೊದಲ ಹನಿಗಳಿಗೆ ಮರ ಚಿಗುರುವ ಕಾಲವೂ ಅದೇ. ಎರಡೂ ಭಾಷೆಯ ಮನೆಗಳಿರುವ ನಮ್ಮ ಊರುಗಳಲ್ಲಿ ಈ ವಾಡಿಕೆಯನ್ನು ಎಲ್ಲರೂ ಎರವಲು ಪಡೆಯಬಹುದು, ಆಷಾಢ ಕಳೆದ ಮೇಲೂ ಮುಂದುವರಿಸಬಹುದು.

ರೊಟ್ಟಿ

ಎರಡು ಬಟ್ಟಲು ರಾಗಿಹಿಟ್ಟಿಗೆ ಒಂದೂವರೆ ಬಟ್ಟಲು ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ಎರಡು ಚಮಚ ಶೇಂಗಾಪುಡಿ ಸೇರಿಸಿ, ಬಿಸಿನೀರಿನಲ್ಲಿ ಮೆತ್ತಗೆ ಕಲಸಿ. ಕಾವಲಿಯ ಮೇಲೆ ತೆಳುವಾಗಿ ತಟ್ಟಿ, ಸುತ್ತ ಎಣ್ಣೆ ಬಿಟ್ಟು, ಮುಚ್ಚಳ ಮುಚ್ಚಿ ಎರಡೂ ಬದಿ ಮೂರು ಮೂರು ನಿಮಿಷ ಬೇಯಿಸಿ. ರಾಗಿಯ ಜೊತೆಗೆ ಕಾಲುಪಾಲು ನವಣೆಹಿಟ್ಟು ಬೆರೆಸಿದರೂ ಚೆನ್ನಾಗಿರುತ್ತದೆ. ಹೊಲಕ್ಕೆ ಬುತ್ತಿ ಕಟ್ಟಲು, ಶಾಲೆಗೆ ಹೋಗುವ ಮಕ್ಕಳ ಡಬ್ಬಿಗೆ ಹಾಕಲು ಅನುಕೂಲ. ಜೊತೆಗೆ ಹಸಿ ಈರುಳ್ಳಿಗೆ ನಿಂಬೆರಸ ಹಿಂಡಿ ಕೊಡಿ.

ಕುರಿ ಸಾಕಣೆಯ ಸೀಮೆ ನಮ್ಮದು. ಮಾಂಸದ ಸಾರು ಮಾಡುವ ದಿನ, ಸಾರು ಇಳಿಸುವ ಐದು ನಿಮಿಷ ಮೊದಲು ಎರಡು ಹಿಡಿ ನುಗ್ಗೆಸೊಪ್ಪು ಹಾಕಿ ನೋಡಿ. ರುಚಿ ಕೆಡುವುದಿಲ್ಲ. ಮಾಂಸ ಜೊತೆಗಿದ್ದಾಗ ಸೊಪ್ಪಿನ ಕಬ್ಬಿಣ ಹೆಚ್ಚು ಚೆನ್ನಾಗಿ ಮೈಗೆ ಹತ್ತುತ್ತದೆ. ಆದರೆ ಸಾರಿನ ಆ ತುಂಡುಗಳು ಹೆಂಗಸರ ತಟ್ಟೆಗೂ ಬೀಳಬೇಕು, ಅಷ್ಟೆ.

ಹೂವು

ಮರ ಹೂ ಬಿಟ್ಟಾಗ ಬೆಳಗಿನ ಹೊತ್ತು ಕೆಳಗೆ ಬಟ್ಟೆ ಹಾಸಿದರೆ ಉದುರುವ ಹೂ ಸಿಗುತ್ತದೆ. ಕೊಂಬೆಯಿಂದ ಕಿತ್ತರೆ ಕಾಯಿ ಕಳೆದುಕೊಂಡಂತೆ. ಹೂವನ್ನು ತೊಳೆದು, ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ, ಕಾಯಿತುರಿ ಅಥವಾ ಶೇಂಗಾಪುಡಿ ಹಾಕಿ ಇಳಿಸಿದರೆ ಅನ್ನಕ್ಕೆ ಒಳ್ಳೆಯ ಪಲ್ಯ.

ಒಣಗಿಸಿ ಇಡುವುದು: ಚಟ್ನಿಪುಡಿ

ಸೊಪ್ಪು ಹೇರಳವಾಗಿರುವಾಗ ಒಣಗಿಸಿಟ್ಟುಕೊಂಡರೆ ಚಳಿಗಾಲದ ಕೊನೆಗೆ ಮರ ಎಲೆ ಉದುರಿಸಿದಾಗಲೂ ಕೊರತೆಯಾಗದು. ಒಂದು ಕಿಲೊ ಒಣಸೊಪ್ಪಿಗೆ ನಾಲ್ಕರಿಂದ ಐದು ಕಿಲೊ ಹಸಿ ಸೊಪ್ಪು ಬೇಕಾಗುತ್ತದೆ. ತೊಳೆದು ನೀರು ಆರಿಸಿದ ಸೊಪ್ಪನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ತೆಳುವಾಗಿ ಹರಡಿ. ಬಿಸಿಲಿಗೆ ಹಾಕಬೇಡಿ. ಬಿಸಿಲಿಗೆ ಕ್ಯಾರೊಟೀನು ಹಾಳಾಗುತ್ತದೆ, ಹಸಿರು ಬಿಳಚಿಕೊಳ್ಳುತ್ತದೆ. ದಿನಕ್ಕೆರಡು ಸಲ ಮಗುಚಿದರೆ ಮೂರು ನಾಲ್ಕು ದಿನದಲ್ಲಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಗರಿಗರಿಯಾಗುತ್ತದೆ. ತೇವವಿಲ್ಲದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ.

ಚಟ್ನಿಪುಡಿಗೆ ಎರಡು ಬಟ್ಟಲು ಒಣಸೊಪ್ಪು, ಒಂದು ಬಟ್ಟಲು ಹುರಿದು ಸಿಪ್ಪೆ ತೆಗೆದ ಶೇಂಗಾ, ಎಂಟು ಒಣಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಸ್ವಲ್ಪ ಹುಣಸೆಹಣ್ಣು, ಉಪ್ಪು ಬೇಕು. ಸೊಪ್ಪನ್ನು ಬೆಚ್ಚಗಾಗುವಷ್ಟೇ ಹುರಿಯಿರಿ. ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಹುಣಸೆಹಣ್ಣನ್ನು ಬೇರೆ ಬೇರೆಯಾಗಿ ಹುರಿದು, ಎಲ್ಲವನ್ನೂ ಸೇರಿಸಿ ಕುಟ್ಟಿ. ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟು ಮಾಡಿಕೊಂಡರೆ ಪರಿಮಳ ಉಳಿಯುತ್ತದೆ. ರೊಟ್ಟಿಗೆ, ಬಿಸಿ ಅನ್ನಕ್ಕೆ ಎಣ್ಣೆಯೊಡನೆ ಬೆರೆಸಿ ತಿನ್ನಬಹುದು.

ಇಲ್ಲಿ ಶೇಂಗಾದ ಬಗ್ಗೆ ಒಂದು ಎಚ್ಚರಿಕೆ. ಮಾರಿದ ಮೇಲೆ ಉಳಿದ ಜೊಳ್ಳು, ಸುಕ್ಕು, ಬೂಷ್ಟು ಹಿಡಿದ ಬೀಜವನ್ನು ಮನೆಯ ಚಟ್ನಿಗೆ ಬಳಸುವ ರೂಢಿ ಕೆಲವು ಕಡೆ ಇದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಈಲಿಯನ್ನು, ಅಂದರೆ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹುರಿದರೆ ಪೂರ್ತಿ ಹೋಗುವುದೂ ಇಲ್ಲ. ಬಣ್ಣ ಕೆಟ್ಟ, ಮುಗ್ಗಲು ವಾಸನೆಯ, ಕಹಿ ಬೀಜವನ್ನು ಜನಕ್ಕೂ ಕೊಡಬೇಡಿ, ದನಕ್ಕೂ ಹಾಕಬೇಡಿ. ಒಳ್ಳೆಯ ಗಟ್ಟಿ ಬೀಜ ಒಂದು ಮೂಟೆಯನ್ನು ಮನೆಗೆಂದೇ ತೆಗೆದಿಟ್ಟು ಉಳಿದುದನ್ನು ಮಂಡಿಗೆ ಒಯ್ಯಿರಿ.

ಬ್ರೊಕೊಲಿ ಸಿಕ್ಕರೆ

ಊರಿಗೆ ಬರುವ ಮಕ್ಕಳು ಬ್ರೊಕೊಲಿಯನ್ನೇ ತಂದರೆ ಹೆದರಬೇಕಾಗಿಲ್ಲ. ಹೂಕೋಸಿನಂತೆ ಸಣ್ಣ ಗೊಂಚಲುಗಳಾಗಿ ಬಿಡಿಸಿ, ಉಪ್ಪುನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟರೆ ಹುಳುವಿದ್ದರೆ ಹೊರಬರುತ್ತದೆ. ದಪ್ಪ ದಂಟನ್ನು ಎಸೆಯಬೇಡಿ. ಮೇಲಿನ ಸಿಪ್ಪೆ ಹೆರೆದು ಬಿಲ್ಲೆಗಳಾಗಿ ಹೆಚ್ಚಿಕೊಳ್ಳಿ. ಇಡ್ಲಿ ಪಾತ್ರೆಯ ಹಬೆಯಲ್ಲಿ ನಾಲ್ಕೈದು ನಿಮಿಷ ಬೇಯಿಸಿ, ಮೇಲೆ ಹೇಳಿದ ಶೇಂಗಾಪುಡಿಯ ಒಗ್ಗರಣೆಯಲ್ಲಿ ಕೈಯಾಡಿಸಿದರೆ ಪಲ್ಯವಾಯಿತು. ತೊಗರಿಬೇಳೆ ಬೆಂದ ಮೇಲೆ ಹಾಕಿ ಹುಳಿಯನ್ನೂ ಮಾಡಬಹುದು. ಹಸಿರು ಮಾಸಿ ಕಂದಾಗುವಷ್ಟು ಬೇಯಿಸಿದರೆ ವಾಸನೆಯೂ ಬರುತ್ತದೆ, ಸತ್ವವೂ ಹೋಗುತ್ತದೆ.

ಎರಡು ಗಿಡ ಸಾಕು

ಐದಾರು ಜನರ ಮನೆಗೆ ಸೊಪ್ಪಿಗೆಂದು ಎರಡು ನುಗ್ಗೆ ಗಿಡ ಸಾಕು. ನಾಟಿ ನುಗ್ಗೆಯಾದರೆ ತೋಳಿನ ದಪ್ಪದ, ಮೂರು ನಾಲ್ಕು ಅಡಿ ಉದ್ದದ ಗೂಟವನ್ನು ಮುಂಗಾರಿನಲ್ಲಿ ನೆಡಿ. ಬೀಜದಿಂದ ಬೆಳೆಯುವುದಾದರೆ ತಮಿಳುನಾಡಿನ ಪೆರಿಯಕುಳಂನಲ್ಲಿ ಹೊರಬಂದ ಪಿ.ಕೆ.ಎಂ.-1, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಗಳಿವೆ. ಬೀಜ, ಸಸಿಗಳ ಬಗ್ಗೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಅಥವಾ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನೀರು ನಿಲ್ಲುವ ಜಾಗ ಬೇಡ, ಬೇರು ಕೊಳೆಯುತ್ತದೆ. ಬಚ್ಚಲ ನೀರು ಹರಿದು ಇಂಗುವ ಬದಿ ಒಳ್ಳೆಯದು. ಸಸಿ ಎರಡೂವರೆ ಅಡಿಯಾದಾಗ ಕುಡಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತವೆ. ಸೊಪ್ಪಿಗೆಂದು ಇಟ್ಟ ಗಿಡವನ್ನು ಮರವಾಗಲು ಬಿಡಬೇಡಿ. ಎದೆಯೆತ್ತರಕ್ಕೆ ಸವರುತ್ತ ಬನ್ನಿ. ಆಗ ಹೆಂಗಸರು, ಮಕ್ಕಳು ನಿಂತಲ್ಲೇ ಕೈಯೆತ್ತಿ ಕೀಳಬಹುದು. ಎತ್ತರಕ್ಕೆ ಹೋದ ನುಗ್ಗೆಯ ಕೊಂಬೆ ಬಲು ಪೆಡಸು. ಹತ್ತಿದವರನ್ನು ಹೊತ್ತು ಮುರಿದು ಬೀಳುತ್ತದೆ.

ಮಳೆಗಾಲದಲ್ಲಿ ಕಂಬಳಿಹುಳು ಕಾಂಡಕ್ಕೆ ಗುಂಪಾಗಿ ಅಂಟಿಕೊಳ್ಳುತ್ತದೆ. ನುಗ್ಗೆಯನ್ನು ಮನೆಯ ಹತ್ತಿರ ನೆಡಬಾರದೆಂದು ಹಲವರು ಹೇಳುವುದಕ್ಕೆ ಈ ಹುಳುವೂ ಒಂದು ಕಾರಣ. ಗುಂಪಾಗಿರುವಾಗಲೇ ಕಡ್ಡಿಯಿಂದ ಕೆಡವಿ ಸಾಬೂನು ನೀರಿನಲ್ಲಿ ಮುಳುಗಿಸಿ ಕೊಲ್ಲಿ. ಬರಿಗೈಯಲ್ಲಿ ಮುಟ್ಟಬೇಡಿ. ತಿನ್ನುವ ಸೊಪ್ಪಿನ ಮೇಲೆ ಯಾವ ವಿಷವನ್ನೂ ಹೊಡೆಯಬೇಡಿ. ಶೇಂಗಾ ಹೊಲಕ್ಕೆ ಔಷಧಿ ಹೊಡೆಯುವಾಗ ಗಾಳಿಗೆ ತೇಲಿ ಬದುವಿನ ನುಗ್ಗೆಗೆ ಬಿದ್ದಿದ್ದರೆ ಆ ಸೊಪ್ಪನ್ನು ಸವರಿ ಹಾಕಿ, ಹೊಸ ಚಿಗುರು ಬಂದ ಮೇಲೆ ಬಳಸಿ.

ತಿನ್ನಲು ಯೋಗ್ಯವಾದದ್ದು ಎಲೆ, ಹೂ, ಕಾಯಿ ಮಾತ್ರ. ಬೇರು, ಬೇರಿನ ತೊಗಟೆಯಲ್ಲಿ ವಿಷದ ಅಂಶವಿದೆ. ನಾಟಿ ಔಷಧಿಯೆಂದು ಯಾರೇ ಹೇಳಿದರೂ, ಮುಖ್ಯವಾಗಿ ಗರ್ಭಿಣಿಯರು, ಸೇವಿಸಬಾರದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು, ಮೂತ್ರಪಿಂಡದ ಕಾಯಿಲೆಯವರು ದಿನವೂ ಸೊಪ್ಪು ತಿನ್ನುವ ಮೊದಲು ವೈದ್ಯರನ್ನು ಕೇಳಲಿ.

ಸೊಪ್ಪು ಬಿಡಿಸುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ನುಗ್ಗೆಸೊಪ್ಪನ್ನು ಬೇಯಿಸಲು ಎಂಟು ನಿಮಿಷ, ಬಿಡಿಸಲು ಅರ್ಧ ಗಂಟೆ. ಕಳೆ ಕಿತ್ತು, ನೀರು ಹೊತ್ತು, ದನಕ್ಕೆ ಮೇವು ಹಾಕಿ ಸಂಜೆ ಒಲೆ ಹಚ್ಚುವ ಹೆಂಗಸಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಮರವಿದ್ದೂ ಸೊಪ್ಪು ತಟ್ಟೆಗೆ ಬಾರದಿರುವುದಕ್ಕೆ ಕಹಿಗಿಂತಲೂ ದೊಡ್ಡ ಕಾರಣ ಇದು.

ಸಂಜೆ ವಾಚನಾಲಯದ ಜಗಲಿಯಲ್ಲಿ ಕೂತು ಪತ್ರಿಕೆ ಓದುವ ನಿಮಗೆ ಇಲ್ಲೊಂದು ಕೆಲಸವಿದೆ. ಮನೆಗೆ ಹೋಗುವಾಗ ಎರಡು ಕೊಂಬೆ ಸವರಿಕೊಂಡು ಹೋಗಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸೊಪ್ಪು ಬಿಡಿಸಿಕೊಡಿ. ಕಡ್ಡಿಗಳನ್ನು ರಾತ್ರಿ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಗಿಗೆ ಎಲೆ ತಾನಾಗಿ ಸಡಿಲವಾಗಿ, ಕೊಡವಿದರೆ ಉದುರುತ್ತದೆ. ಇದೂ ಒಂದು ಸುಲಭದ ಉಪಾಯ. ವಾರಕ್ಕೆ ಎರಡು ದಿನ ಗೊತ್ತುಮಾಡಿಕೊಳ್ಳಿ. ಒಂದು ದಿನ ಬಸ್ಸಾರು, ಒಂದು ದಿನ ಪಲ್ಯ ಅಥವಾ ರೊಟ್ಟಿ. ಆ ಎರಡು ದಿನವಾದರೂ ಮನೆಯಾಕೆ ನಿಮ್ಮೊಡನೆಯೇ ಕೂತು ಊಟ ಮಾಡಲಿ, ಸೊಪ್ಪಿನ ಮೊದಲ ಸೌ ಟು ಆಕೆಯ ತಟ್ಟೆಗೆ ಬೀಳಲಿ. ಮೇಕೆಗೆ ಬೇಕಾದಷ್ಟು ಕಡ್ಡಿಯೂ ಬಲಿತ ಎಲೆಯೂ ಆಮೇಲೆ ಉಳಿದೇ ಇರುತ್ತದೆ.